ಹಸಿರಾಗಿದ್ದೇ ಬಾಡಿದ ಗುಳ್ಳ: ಮಟ್ಟುವಿನ ಒಂದು ಗದ್ದೆಯ ಸೊರಗು ರೋಗದ ಪ್ರಕರಣ

ಉಡುಪಿ ಜಿಲ್ಲೆಯ ಕಟಪಾಡಿಯಿಂದ ಕಡಲಿನ ಕಡೆ ಹೋದರೆ ಮಟ್ಟು ಸಿಗುತ್ತದೆ. ಗುಳ್ಳದ ಊರು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ತಿಳಿಹಸಿರು ಮೈ, ಅದರ ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಸಣ್ಣ ಮುಳ್ಳು, ಗುಂಡಗಿನ ಬದನೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜದಿಂದ ಬಂದದ್ದು ಎಂದು ಇಲ್ಲಿನವರ ನಂಬಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಅದೇ ಊರಿನ ಒಂದು ಗದ್ದೆಯಲ್ಲಿ ಗುಳ್ಳದ ಗಿಡಗಳು ಸಾಲು ಹಿಡಿದು ಸತ್ತವು. ಅವು ಯಾಕೆ ಸತ್ತವು, ರೋಗ ಎಲ್ಲಿಂದ ಬಂತು, ಎಷ್ಟನ್ನು ಉಳಿಸಿಕೊಳ್ಳಲು ಆಯಿತು ಎಂಬುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಗದ್ದೆಯವರ ಹೆಸರು ಹಾಕುವುದಿಲ್ಲ. ನಾನು ಅವರನ್ನು ಅಣ್ಣ, ಅತ್ತಿಗೆ ಎಂದೇ ಕರೆಯುವುದು, ಇಲ್ಲಿಯೂ ಹಾಗೆಯೇ ಇರಲಿ.

ಗದ್ದೆಯ ಏರ್ಪಾಡು ಮೊದಲು ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮನೆಯ ಹತ್ತಿರ ಸ್ವಲ್ಪ ಎತ್ತರದ ಒಂದು ಪಟ್ಟಿ. ಅದರ ಕೆಳಗೆ ನಡುವಿನ ಗದ್ದೆ. ಅದಕ್ಕೂ ಕೆಳಗೆ ತೋಡಿನ, ಅಂದರೆ ಸಣ್ಣ ಹಳ್ಳದ, ಪಕ್ಕದ ಗದ್ದೆ. ಮಣ್ಣು ಮರಳು ಬೆರೆತದ್ದು, ನೀರು ಬೇಗ ಇಳಿಯುತ್ತದೆ. ಪಂಪಿನ ನೀರು ಮೇಲಿನ ಪಟ್ಟಿಗೆ ಬಿದ್ದು, ಸಾಲುಗಳ ನಡುವೆ ಹರಿದು, ನಡುವಿನ ಗದ್ದೆ ದಾಟಿ ಕೆಳಗೆ ಬರುತ್ತದೆ. ಮಳೆಗಾಲದಲ್ಲಿ ಏಣೆಲು ಭತ್ತ, ಕೊಯ್ಲು ಮುಗಿದ ಮೇಲೆ ಗುಳ್ಳ. ಅವರ ಅಪ್ಪನ ಕಾಲದಿಂದ ಹೀಗೆಯೇ ನಡೆದು ಬಂದಿತ್ತು.

ಆ ವರ್ಷ ಅಕ್ಟೋಬರಿನಲ್ಲಿ ಸಸಿ ನೆಟ್ಟಿದ್ದರು. ಹಟ್ಟಿಗೊಬ್ಬರ, ಬೂದಿ ಎಲ್ಲ ಸರಿಯಾಗಿಯೇ ಹಾಕಿದ್ದರು. ಗಿಡ ಚೆನ್ನಾಗಿ ಬಂತು. ನವೆಂಬರ್ ಕೊನೆಗೆ ಹೂವು, ಡಿಸೆಂಬರ್ ಮೊದಲಿಗೆ ಮಿಡಿ. ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆ ಹೊತ್ತಿಗೆ ಗುಳ್ಳಕ್ಕೆ ಬೇಡಿಕೆ ಹೇಗಿರುತ್ತದೆ ಎಂದು ಉಡುಪಿಯವರಿಗೆ ಹೇಳಬೇಕಾಗಿಲ್ಲ. ಸರಿಯಾಗಿ ಅದೇ ಸಮಯದಲ್ಲಿ ಮೇಲಿನ ಪಟ್ಟಿಯ ಒಂದು ಗಿಡ ಮಧ್ಯಾಹ್ನ ತಲೆ ಬಾಗಿಸಿತು. ಸಂಜೆ ಎದ್ದು ನಿಂತಿತು. ಮರುದಿನ ಮಧ್ಯಾಹ್ನ ಮತ್ತೆ ಬಾಗಿತು. ಮೂರು ನಾಲ್ಕು ದಿನದಲ್ಲಿ ಸಂಜೆಯೂ ಏಳಲಿಲ್ಲ. ಎಲೆ ಮಾತ್ರ ಹಸಿರಾಗಿಯೇ ಇತ್ತು. ಹಳದಿ ಆಗಲಿಲ್ಲ, ಚುಕ್ಕೆ ಬೀಳಲಿಲ್ಲ. ಹಸಿರಾಗಿದ್ದೇ ಜೋತು ಬಿದ್ದು ಒಣಗಿತು.

ಬಾಡಿದ ಗಿಡ ನೋಡಿದರೆ ಯಾರಿಗಾದರೂ ನೀರು ಹಾಕಬೇಕು ಅನ್ನಿಸುತ್ತದೆ, ಅಲ್ವಾ? ಅಣ್ಣ ನೀರು ಜಾಸ್ತಿ ಮಾಡಿದರು. ಪಕ್ಕದ ಗಿಡ ಬಾಡಿತು. ನಂತರ ಅದೇ ಸಾಲಿನಲ್ಲಿ ಕೆಳಗಿನದ್ದು. ಅಂಗಡಿಯಲ್ಲಿ ಕೇಳಿದಾಗ ಬೇರು ಕೊಳೆ ಇರಬೇಕು ಎಂದು ಕಾರ್ಬೆಂಡಜಿಮ್ ಕೊಟ್ಟರು. ಬುಡಕ್ಕೆ ಹೊಯ್ದರು. ಏನೂ ಆಗಲಿಲ್ಲ. ಆಮೇಲೆ ತಾಮ್ರದ ಮದ್ದು ಬಿಟ್ಟರು. ಅದಕ್ಕೂ ಬಗ್ಗಲಿಲ್ಲ. ನನಗೆ ಫೋನ್ ಬರುವಾಗ ಮೇಲಿನ ಪಟ್ಟಿಯಲ್ಲಿ ಅರ್ಧದಷ್ಟು ಗಿಡ ಹೋಗಿತ್ತು. "ಎಂತ ಮಾಡುದು ಮಾರಾಯ್ರೆ, ನಿನ್ನೆ ಇದ್ದದ್ದು ಇವತ್ತು ಇಲ್ಲ" ಎಂದರು ಅಣ್ಣ.

ಯಾವುದು ಅಲ್ಲ ಎಂದು ಮೊದಲು ನೋಡಿದ್ದು

ಬದನೆ ಜಾತಿಯ ಗಿಡ ಬಾಡಲು ಕಾರಣ ಹಲವು. ಎಲ್ಲದಕ್ಕೂ ಒಂದೇ ಮದ್ದು ಇಲ್ಲ. ಹಾಗಾಗಿ ಮದ್ದಿನ ಮಾತು ಬದಿಗಿಟ್ಟು ಗಿಡವನ್ನೇ ಓದಬೇಕು.

ಅಣ್ಣನಿಗೆ ದೊಡ್ಡ ಅನುಮಾನ ಉಪ್ಪುನೀರಿನ ಮೇಲೆ. ಮಟ್ಟುವಿನಂಥ ಜಾಗದಲ್ಲಿ ಅದು ಸಹಜವೇ. ಹೊಳೆಗೆ ಕಡಲಿನ ನೀರು ಏರಿ ಬರುತ್ತದೆ, ಕೆಳಗದ್ದೆಗೆ ಉಪ್ಪು ತಾಗುವ ಹೆದರಿಕೆ ಯಾವಾಗಲೂ ಇದೆ. ಆದರೆ ಉಪ್ಪು ತಾಗಿದರೆ ಮೊದಲು ಎಲೆಯ ಅಂಚು ಸುಟ್ಟ ಹಾಗೆ ಕಂದು ಆಗುತ್ತದೆ. ತಗ್ಗಿನಲ್ಲಿರುವ ಗಿಡಗಳೆಲ್ಲ ಒಟ್ಟಿಗೆ ಸೊರಗುತ್ತವೆ. ಇಲ್ಲಿ ಆದದ್ದು ತಿರುಗಾಮುರುಗಾ. ಎತ್ತರದ ಪಟ್ಟಿ ಹಾಳಾಗಿತ್ತು, ತೋಡಿನ ಪಕ್ಕದ ಗದ್ದೆ ಚೆನ್ನಾಗಿತ್ತು. ಒಂದು ಗಿಡ ಸತ್ತಿದ್ದರೆ ಅದರ ಪಕ್ಕದ ಸಾಲಿನದ್ದು ನಗುನಗುತ್ತಾ ನಿಂತಿತ್ತು. ಉಪ್ಪು ಹೀಗೆ ಒಂದೊಂದನ್ನು ಆರಿಸಿ ಕೊಲ್ಲುವುದಿಲ್ಲ.

ಕಾಂಡ ಕೊರೆಯುವ ಹುಳು ಇದ್ದರೆ ಬಾಡುವುದು ಸಾಮಾನ್ಯವಾಗಿ ಕುಡಿ ಮಾತ್ರ, ತೂತು ಮತ್ತು ಹಿಕ್ಕೆ ಕಾಣುತ್ತದೆ. ಅದು ಇರಲಿಲ್ಲ. ಬುಡ ಕೊಳೆ ತರುವ ಸ್ಕ್ಲೆರೋಶಿಯಂ ಎಂಬ ಬೂಷ್ಟು ಇದ್ದರೆ ಮಣ್ಣಿಗೆ ತಾಗಿದಲ್ಲಿ ಬಿಳಿ ಎಳೆ, ಅದರಲ್ಲಿ ಸಾಸಿವೆ ಗಾತ್ರದ ಕಂದು ಕಾಳುಗಳು. ಅದೂ ಇಲ್ಲ. ಫ್ಯುಸೇರಿಯಂ, ವರ್ಟಿಸಿಲಿಯಂ ಎಂಬ ಶಿಲೀಂಧ್ರಗಳೂ ಸೊರಗು ರೋಗ ತರುತ್ತವೆ. ಆದರೆ ಅವು ನಿಧಾನ. ಕೆಳಗಿನ ಎಲೆ ಮೊದಲು ಹಳದಿ ಆಗುತ್ತದೆ, ಎಷ್ಟೋ ಸಲ ಒಂದೇ ಬದಿಯಲ್ಲಿ. ಈ ಗದ್ದೆಯ ಗಿಡಗಳಿಗೆ ಹಳದಿ ಆಗುವಷ್ಟು ಪುರುಸೊತ್ತೇ ಸಿಕ್ಕಿರಲಿಲ್ಲ.

ಒಂದು ಗಿಡವನ್ನು ಬೇರು ಸಮೇತ ಎಬ್ಬಿಸಿ ನೋಡಿದೆವು. ಬೇರಿನಲ್ಲಿ ಅಲ್ಲಲ್ಲಿ ಸಣ್ಣ ಗಂಟುಗಳಿದ್ದವು. ಬೇರುಗಂಟು ಜಂತುಹುಳುವಿನ ಕೆಲಸ ಅದು. ಆದರೆ ಗಂಟು ಅಷ್ಟೊಂದು ಇರಲಿಲ್ಲ, ಗಿಡ ಕೊಲ್ಲುವಷ್ಟಂತೂ ಅಲ್ಲ. ಈ ಗಂಟಿನ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ. ಬುಡದ ಕಾಂಡವನ್ನು ಉದ್ದಕ್ಕೆ ಸೀಳಿದಾಗ ತೊಗಟೆಯ ಒಳಗೆ, ನೀರು ಸಾಗುವ ನಾಳಗಳ ಜಾಗದಲ್ಲಿ, ಕಂದು ಗೆರೆ ಕಂಡಿತು.

ಗಾಜಿನ ಲೋಟದ ಪರೀಕ್ಷೆ

ಇದಕ್ಕೆ ಬೇಕಾದದ್ದು ಒಂದು ಗಾಜಿನ ಲೋಟ, ತಿಳಿನೀರು, ಒಂದು ಚೂರಿ. ಈಗಷ್ಟೇ ಬಾಡಲು ಶುರುವಾದ ಗಿಡವನ್ನು ಆರಿಸಬೇಕು, ಪೂರ್ತಿ ಒಣಗಿದ್ದು ಬೇಡ. ಬುಡದ ಹತ್ತಿರ ಎರಡು ಮೂರು ಇಂಚಿನ ಕಾಂಡ ಕತ್ತರಿಸಿ, ಕತ್ತರಿಸಿದ ತುದಿ ನೀರಿಗೆ ಮುಳುಗುವ ಹಾಗೆ ನೂಲು ಕಟ್ಟಿ ಇಳಿಬಿಡಬೇಕು. ಲೋಟವನ್ನು ಅಲುಗಾಡಿಸಬಾರದು. ಹಿಂದೆ ಕಪ್ಪು ಬಟ್ಟೆಯೋ ನೆರಳೋ ಇದ್ದರೆ ಚೆನ್ನಾಗಿ ಕಾಣುತ್ತದೆ.

ಅತ್ತಿಗೆ ಲೋಟವನ್ನು ಜಗಲಿಯ ಮೇಲಿಟ್ಟರು. ಕೆಲವೇ ನಿಮಿಷದಲ್ಲಿ ಕಾಂಡದ ತುದಿಯಿಂದ ಹಾಲಿನ ಬಣ್ಣದ ತೆಳು ಎಳೆಗಳು ನೀರಿನಲ್ಲಿ ನೇರ ಕೆಳಗೆ ಇಳಿದವು. ತಳಕ್ಕೆ ಹೋಗಿ ಮೋಡದ ಹಾಗೆ ಹರಡಿದವು. ಚೆನ್ನಾಗಿದ್ದ ಗಿಡದ ಒಂದು ಕೊಂಬೆಯನ್ನು ಇನ್ನೊಂದು ಲೋಟದಲ್ಲಿ ಇಟ್ಟಿದ್ದೆವು. ಅದರಲ್ಲಿ ನೀರು ತಿಳಿಯಾಗಿಯೇ ಉಳಿಯಿತು. ಶಿಲೀಂಧ್ರದ ಸೊರಗಿನಲ್ಲಿ ಈ ಎಳೆ ಬರುವುದಿಲ್ಲ. ಆ ಬಿಳಿ ಎಳೆ ಎಂದರೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಮತ್ತು ಅವು ಮಾಡಿದ ಲೋಳೆ. ದುಂಡಾಣು ಸೊರಗು ರೋಗ.

ಮಾದರಿಯನ್ನು ಪ್ರಯೋಗಾಲಯಕ್ಕೂ ಕೊಟ್ಟೆವು. 1954ರಲ್ಲಿ ಆರ್ಥರ್ ಕೆಲ್ಮನ್ ಎಂಬ ಸಸ್ಯರೋಗ ವಿಜ್ಞಾನಿ ಬ್ಯಾಕ್ಟೀರಿಯಾ ಬೆಳೆಸಲು ಟೆಟ್ರಜೋಲಿಯಂ ಎಂಬ ಬಣ್ಣದ ವಸ್ತು ಬೆರೆಸಿದ ಒಂದು ಮಾಧ್ಯಮವನ್ನು ಹೇಳಿಕೊಟ್ಟರು. ಇಂದಿಗೂ ಅದೇ ಬಳಕೆಯಲ್ಲಿದೆ. ರೋಗ ತರುವ ಶಕ್ತಿ ಇರುವ ಬ್ಯಾಕ್ಟೀರಿಯಾ ಅದರ ಮೇಲೆ ಬಿಳಿ, ಲೋಳೆಲೋಳೆಯಾದ, ನಡುವೆ ನಸುಗೆಂಪಿನ ಮಚ್ಚೆಯಾಗಿ ಬೆಳೆಯುತ್ತದೆ. ಲೋಳೆ ಮಾಡುವ ಶಕ್ತಿ ಕಳೆದುಕೊಂಡದ್ದು ಸಣ್ಣ, ಗುಂಡಗಿನ, ಗಾಢ ಕೆಂಪು ಮಚ್ಚೆಯಾಗುತ್ತದೆ, ಗಿಡಕ್ಕೆ ರೋಗ ತರುವುದೂ ಹೆಚ್ಚುಕಡಿಮೆ ನಿಲ್ಲುತ್ತದೆ. ಲೋಳೆಗೂ ಸಾವಿಗೂ ಇರುವ ನಂಟು ಇದರಲ್ಲೇ ಕಾಣುತ್ತದೆ. ನಮ್ಮ ಮಾದರಿಯಲ್ಲಿ ಬಂದದ್ದು ಬಿಳಿ ಲೋಳೆಯದ್ದೇ.

ಈ ಜೀವಿ ಗಿಡವನ್ನು ಕೊಲ್ಲುವ ಬಗೆ

ಇದರ ಹೆಸರು ರಾಲ್‌ಸ್ಟೋನಿಯಾ. 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಇದನ್ನು ಬೇರೆ ಹೆಸರಿನಲ್ಲಿ ಮೊದಲು ವಿವರಿಸಿದರು. ಆಗಿನ ಕಾಲದಲ್ಲಿ ಬ್ಯಾಕ್ಟೀರಿಯಾ ಗಿಡಗಳಿಗೂ ರೋಗ ತರುತ್ತದೆ ಎಂದರೆ ದೊಡ್ಡ ದೊಡ್ಡ ವಿಜ್ಞಾನಿಗಳೇ ಒಪ್ಪುತ್ತಿರಲಿಲ್ಲ. ಒಂದೇ ಜಾತಿ ಎಂದುಕೊಂಡಿದ್ದ ಇದನ್ನು 2014ರಲ್ಲಿ ಮೂರು ಜಾತಿಗಳಾಗಿ ಬೇರ್ಪಡಿಸಿದರು. ನಮ್ಮ ದೇಶದ ಬದನೆಯಲ್ಲಿ ಹೆಚ್ಚಾಗಿ ಕಾಣುವುದು ರಾಲ್‌ಸ್ಟೋನಿಯಾ ಸ್ಯೂಡೋಸೊಲನೇಸಿಯರಂ. ಟೊಮೆಟೊ, ಮೆಣಸು, ಆಲೂಗಡ್ಡೆ, ಶುಂಠಿ ಸೇರಿ ಈ ಗುಂಪಿಗೆ ಆಹಾರವಾಗುವ ಗಿಡಗಳ ಜಾತಿ 200ಕ್ಕಿಂತ ಜಾಸ್ತಿ.

ಮಣ್ಣಿನಲ್ಲಿ ಇರುವಾಗ ಅದು ಸುಮ್ನೆ ಕಾಯುತ್ತಾ ಇರುವುದಿಲ್ಲ. ಬೇರು ಮಣ್ಣಿಗೆ ಸ್ವಲ್ಪ ಸ್ವಲ್ಪ ಸಾವಯವ ಆಮ್ಲ, ಅಮೈನೋ ಆಮ್ಲ ಬಿಡುತ್ತಾ ಇರುತ್ತದೆ. ಬ್ಯಾಕ್ಟೀರಿಯಾ ಆ ರುಚಿ ಹಿಡಿದು, ಮಣ್ಣಿನ ತೇವದಲ್ಲಿ ಈಜುತ್ತಾ ಬೇರಿನ ಹತ್ತಿರ ಬರುತ್ತದೆ. ಈಜಲು ಅದಕ್ಕೆ ಬಾಲದಂಥ ಎಳೆ ಇದೆ. ಆದರೆ ಗಟ್ಟಿ ತೊಗಟೆ ಒಡೆದು ನುಗ್ಗುವ ಶಕ್ತಿ ಅದಕ್ಕಿಲ್ಲ. ಬಾಗಿಲು ಬೇಕು. ಪಕ್ಕದ ಬೇರು ಹುಟ್ಟುವಾಗ ತಾಯಿಬೇರಿನ ಚರ್ಮ ಬಿರಿಯುತ್ತದೆ, ಅದೊಂದು ಬಾಗಿಲು. ಸಸಿ ಕೀಳುವಾಗ ಹರಿದ ಬೇರು, ಹಾರೆ ತಾಗಿದ ಗಾಯ, ಜಂತುಹುಳು ಚುಚ್ಚಿದ ತೂತು, ಇವೆಲ್ಲ ಉಳಿದ ಬಾಗಿಲುಗಳು. ಬೇರಿನ ಗಂಟು ನೆನಪಿಡಿ ಎಂದದ್ದು ಇದಕ್ಕೆ. ಜಂತುಹುಳು ತಾನೇ ಗಿಡ ಕೊಲ್ಲದಿದ್ದರೂ ಕೊಲ್ಲುವವನಿಗೆ ದಾರಿ ಮಾಡಿಕೊಡುತ್ತದೆ.

ಒಳಗೆ ಬಂದದ್ದು ಜೀವಕೋಶಗಳ ನಡುವಿನ ಸಂದಿಯಲ್ಲಿ ನೆಲೆಸುತ್ತದೆ. ಗಿಡಕ್ಕೂ ಕಾವಲು ಇದೆ. ಅಪರಿಚಿತ ಬಂದದ್ದನ್ನು ಗುರುತಿಸಿ ಅದು ಆ ಜಾಗವನ್ನು ಬಿಗಿ ಮಾಡುತ್ತದೆ, ವಿಷದಂಥ ವಸ್ತು ಬಿಡುತ್ತದೆ, ಬೇಕಾದರೆ ತನ್ನದೇ ಕೆಲವು ಕೋಶಗಳನ್ನು ಸಾಯಿಸಿ ಬೇಲಿ ಹಾಕುತ್ತದೆ. ರಾಲ್‌ಸ್ಟೋನಿಯಾ ಇದಕ್ಕೂ ತಯಾರಾಗಿಯೇ ಬಂದಿರುತ್ತದೆ. ಅದರ ಮೈಯಿಂದ ಬಹಳ ಸಣ್ಣ, ಪೊಳ್ಳಾದ, ಸೂಜಿಯಂಥ ರಚನೆ ಹೊರಡುತ್ತದೆ. ಅದರ ಮೂಲಕ ಹತ್ತಾರು ಬಗೆಯ ಪ್ರೋಟೀನ್‌ಗಳನ್ನು ಗಿಡದ ಕೋಶದೊಳಗೆ ತಳ್ಳುತ್ತದೆ. ಅವು ಕೋಶದ ಕಾವಲನ್ನು ಒಳಗಿನಿಂದಲೇ ಮಂಕು ಮಾಡುತ್ತವೆ. ಈ ಸೂಜಿಯ ವಂಶವಾಹಿಗಳನ್ನು ಕೆಡಿಸಿದರೆ ಅದೇ ಬ್ಯಾಕ್ಟೀರಿಯಾ ಗಿಡದಲ್ಲಿ ರೋಗ ತರಲಾರದು ಎಂದು ಪ್ರಯೋಗಗಳು ತೋರಿಸಿವೆ. ಫ್ರೆಂಚ್ ಗಯಾನಾದ ಟೊಮೆಟೊದಿಂದ ತೆಗೆದ ಒಂದು ರಾಲ್‌ಸ್ಟೋನಿಯಾ ತಳಿಯ ಪೂರ್ತಿ ಜೀನೋಮ್, ಅಂದರೆ ಅದರ ಎಲ್ಲ ವಂಶವಾಹಿಗಳ ಬರಹ, 2002ರಲ್ಲಿ ಪ್ರಕಟವಾದ ಮೇಲೆ ಈ ಪ್ರೋಟೀನ್‌ಗಳ ಪಟ್ಟಿ ಮಾಡುವುದು ಸುಲಭವಾಯಿತು.

ಮುಂದೆ ಗೋಡೆ ಕರಗಿಸುವ ಕಿಣ್ವಗಳ ನೆರವಿನಿಂದ ಅದು ಕ್ಸೈಲಂ ನಾಳಕ್ಕೆ ಇಳಿಯುತ್ತದೆ. ಬೇರಿನಿಂದ ಎಲೆಗೆ ನೀರು ಏರುವ ದಾರಿ ಅದು. ಅಲ್ಲಿ ಆಹಾರ ಕಡಿಮೆ, ಗಾಳಿ ಕಡಿಮೆ. ಆದರೂ ಈ ಜೀವಿ ಅಲ್ಲಿಯೇ ಸುಖವಾಗಿ ಬೆಳೆಯುತ್ತದೆ. ಇಲ್ಲಿ ಅದು ಮಾಡುವ ಒಂದು ಕೆಲಸ ನನಗೆ ಎಷ್ಟು ಸಲ ಓದಿದರೂ ಅಚ್ಚರಿಯೇ. ಬ್ಯಾಕ್ಟೀರಿಯಾಗಳು ತಮ್ಮ ಸಂಖ್ಯೆ ಎಷ್ಟಿದೆ ಎಂದು ತಾವೇ ಅಳೆಯುತ್ತವೆ. ಪ್ರತಿಯೊಂದೂ ಒಂದು ಕೊಬ್ಬಿನಂಶದ ಅಣುವನ್ನು ಹೊರಗೆ ಬಿಡುತ್ತಾ ಇರುತ್ತದೆ. ಸಂಖ್ಯೆ ಕಡಿಮೆ ಇದ್ದಾಗ ಆ ಅಣುವೂ ಕಡಿಮೆ, ಆಗ ಅವು ಓಡಾಡುವುದು, ಆಹಾರ ಹುಡುಕುವುದು, ಸದ್ದಿಲ್ಲದೆ ಹೆಚ್ಚುವುದು. ಅಣುವಿನ ಪ್ರಮಾಣ ಒಂದು ಮಟ್ಟ ದಾಟಿದ ಮೇಲೆ ಎಲ್ಲವೂ ಒಟ್ಟಿಗೆ ಕೆಲಸ ಬದಲಾಯಿಸುತ್ತವೆ. ಲೋಳೆ ಮಾಡಲು ಶುರು ಮಾಡುತ್ತವೆ. ಸಕ್ಕರೆಯ ಉದ್ದುದ್ದ ಸರಪಳಿಗಳ ಈ ಲೋಳೆ ನಾಳಗಳಲ್ಲಿ ತುಂಬುತ್ತದೆ. ನೀರು ಏರುವುದು ನಿಲ್ಲುತ್ತದೆ.

ಅಣ್ಣ ಕಂಡದ್ದನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡಿ. ಮಧ್ಯಾಹ್ನ ಬಿಸಿಲಿಗೆ ಎಲೆಯಿಂದ ನೀರು ಆವಿಯಾಗುವುದು ಜಾಸ್ತಿ. ಅರ್ಧ ಕಟ್ಟಿಕೊಂಡ ನಾಳದಲ್ಲಿ ಅಷ್ಟು ನೀರು ಬರುವುದಿಲ್ಲ, ಗಿಡ ಬಾಗುತ್ತದೆ. ಸಂಜೆ ಬೇಡಿಕೆ ಇಳಿದಾಗ ಉಳಿದ ನಾಳ ಸಾಕಾಗುತ್ತದೆ, ಏಳುತ್ತದೆ. ಪೂರ್ತಿ ಕಟ್ಟಿದ ದಿನ ಏಳುವುದಿಲ್ಲ. ಎಲ್ಲವೂ ಬೇಗ ಮುಗಿಯುವುದರಿಂದ ಎಲೆ ಹಸಿರಾಗಿಯೇ ಇರುತ್ತದೆ. ಅಂದರೆ ಗಿಡ ಬಾಡಿದ್ದು ಮಣ್ಣಿನಲ್ಲಿ ನೀರಿಲ್ಲದೆ ಅಲ್ಲ, ಇದ್ದ ನೀರು ಮೇಲೇರದೆ. ಕಾರ್ಬೆಂಡಜಿಮ್ ಶಿಲೀಂಧ್ರದ ಮದ್ದು, ಬ್ಯಾಕ್ಟೀರಿಯಾಕ್ಕೆ ಅದು ತಾಗುವುದೇ ಇಲ್ಲ. ತಾಮ್ರ ಎಲೆಯ ಮೇಲಿನ ಬ್ಯಾಕ್ಟೀರಿಯಾಕ್ಕೆ ಸರಿ, ನಾಳದೊಳಗೆ ಕೂತದ್ದಕ್ಕೆ ತಲುಪುವುದಿಲ್ಲ. ಸ್ಟ್ರೆಪ್ಟೊಮೈಸಿನ್ ಪುಡಿ ತರಲೇ ಎಂದು ಅಣ್ಣ ಕೇಳಿದರು. ಬೇಡ ಎಂದೆ. ಬಾಡಿದ ಗಿಡವನ್ನು ಅದು ಎಬ್ಬಿಸುವುದಿಲ್ಲ. ಮನುಷ್ಯರ ಚಿಕಿತ್ಸೆಗೆ ಬೇಕಾದ ಆಂಟಿಬಯೋಟಿಕ್ ಅನ್ನು ಗದ್ದೆಗೆ ಹೊಯ್ದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನಾವೇ ಸಾಕಿದ ಹಾಗೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಗದ್ದೆಗೆ ಬಂದ ದಾರಿ

ಸತ್ತ ಪ್ರತಿ ಗಿಡದ ಜಾಗದಲ್ಲಿ ಒಂದು ಕೋಲು ಊರಲು ಹೇಳಿದ್ದೆ. ಮೊದಲು ಸತ್ತ ಕಡೆ ಕೆಂಪು ಬಟ್ಟೆ, ಆಮೇಲಿನದಕ್ಕೆ ಬಿಳಿ. ಕಟ್ಟಪುಣಿಯ, ಅಂದರೆ ಗದ್ದೆಯ ಬದುವಿನ, ಮೇಲೆ ನಿಂತು ನೋಡಿದಾಗ ಚಿತ್ರ ಸ್ಪಷ್ಟ. ಕೆಂಪು ಎಲ್ಲ ಮೇಲಿನ ಪಟ್ಟಿಯಲ್ಲಿ, ಅದರಲ್ಲೂ ನೀರು ಬೀಳುವ ಮೂಲೆಯಲ್ಲಿ. ಬಿಳಿ ಬಟ್ಟೆಗಳು ಅಲ್ಲಿಂದ ಸಾಲು ಹಿಡಿದು ಕೆಳಗೆ. ಒಂದು ಸಾಲಿನಿಂದ ಪಕ್ಕದ ಸಾಲಿಗೆ ಹಾರಿದ್ದು ಕಡಿಮೆ, ಅದೇ ಸಾಲಿನಲ್ಲಿ ಇಳಿದದ್ದು ಜಾಸ್ತಿ. ನೀರು ಹೋದ ದಾರಿಯೇ ರೋಗ ಹೋದ ದಾರಿ. ಸೋಂಕು ತಗುಲಿದ ಗಿಡದ ಬೇರಿನಿಂದ ಬ್ಯಾಕ್ಟೀರಿಯಾ ಮತ್ತೆ ಮಣ್ಣಿಗೆ ಬರುತ್ತದೆ. ಬಾಡಿದ್ದಕ್ಕೆ ಜಾಸ್ತಿ ಬಿಟ್ಟ ನೀರು ಅದನ್ನು ಕೆಳಗಿನ ಗಿಡಗಳ ಬುಡಕ್ಕೆ ಮುಟ್ಟಿಸಿತ್ತು.

ಆದರೆ ಮೇಲಿನ ಪಟ್ಟಿಗೆ ಎಲ್ಲಿಂದ ಬಂತು? ಅತ್ತಿಗೆಯ ಹತ್ತಿರ ಕೂತು ಎರಡು ಮೂರು ವರ್ಷದ ಲೆಕ್ಕ ಕೇಳಿದೆ. ನೆಡಲು ಜನ ಸಿಗದೆ ಹಿಂದಿನ ಎರಡು ಮಳೆಗಾಲ ಆ ಪಟ್ಟಿಗೆ ಭತ್ತ ಹಾಕಿರಲಿಲ್ಲ. ಕೆಳಗಿನ ಎರಡು ಗದ್ದೆ ನಾಟಿ ಮಾಡಿ ಇದನ್ನು ಹಡಿಲು, ಅಂದರೆ ಬೀಳು, ಬಿಟ್ಟಿದ್ದರು. ಜಾಗ ಖಾಲಿ ಇದೆ ಎಂದು ಹೊರಗಿನಿಂದ ತಂದ ಟೊಮೆಟೊ ಸಸಿ ನೆಟ್ಟರು, ಸ್ವಲ್ಪ ಮೆಣಸು ಕೂಡ. "ಟೊಮೆಟೊ ಎಲ್ಲ ಬಿಸಿಲಿಗೆ ಸತ್ತೇ ಹೋಯಿತು" ಎಂದರು ಅತ್ತಿಗೆ. ಸತ್ತ ಗಿಡಗಳನ್ನು ಕಿತ್ತು ಅಲ್ಲೇ ಬದಿಗೆ ಹಾಕಿದ್ದರು. ಮರು ವರ್ಷ ಗುಳ್ಳದ ಸಸಿಮಡಿ ಮಾಡಿದ್ದೂ ಅದೇ ಪಟ್ಟಿಯಲ್ಲಿ, ಮನೆಗೆ ಹತ್ತಿರ, ನೋಡಿಕೊಳ್ಳಲು ಸುಲಭ ಎಂದು.

ಆ ಟೊಮೆಟೊವನ್ನು ಈಗ ಪರೀಕ್ಷೆ ಮಾಡಲು ಆಗುವುದಿಲ್ಲ. ಆದರೂ ನನ್ನ ತೀರ್ಮಾನ ಇದು: ರೋಗ ಟೊಮೆಟೊ ಸಸಿಯ ಬೇರಿನ ಮಣ್ಣಿನಲ್ಲಿ ಬಂದಿರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಬಂದದ್ದು ಉಳಿಯಲು ಕಾರಣ ಹಡಿಲು. ಏಣೆಲು ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತಿರುತ್ತದೆ. ಮಣ್ಣಿಗೆ ಗಾಳಿ ಆಡುವುದಿಲ್ಲ, ಬದನೆ ಜಾತಿಯ ಕಳೆ ಬದುಕುವುದಿಲ್ಲ, ಭತ್ತವಂತೂ ಈ ರೋಗದ ಆಹಾರ ಅಲ್ಲ. ರಾಲ್‌ಸ್ಟೋನಿಯಾ ಪೂರ್ತಿ ಸಾಯದಿದ್ದರೂ ಅದರ ಸಂಖ್ಯೆ ಇಳಿಯುತ್ತದೆ. ಸೊರಗು ರೋಗಕ್ಕೆ ಭತ್ತದ ಸರದಿ ಹೇಳುವುದು ಈ ಕಾರಣಕ್ಕೇ. ಮಟ್ಟುವಿನ ಹಿರಿಯರು ಭತ್ತದ ಹಿಂದೆ ಗುಳ್ಳ ಹಾಕಿದ್ದು ಅನ್ನಕ್ಕಾಗಿ ಮತ್ತು ನೀರಿನ ಹೊಂದಾಣಿಕೆಗಾಗಿ ಇರಬಹುದು. ಅದು ಗುಳ್ಳದ ಬೇರನ್ನೂ ಕಾಯುತ್ತಿತ್ತು. ಭತ್ತದಲ್ಲಿ ಲಾಭ ಇಲ್ಲ ಎಂದು ಗದ್ದೆ ಹಡಿಲು ಬಿಡುವಾಗ ಈ ಕಾವಲಿನ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಹಡಿಲು ಗದ್ದೆಯ ಬಗ್ಗೆ ಮಾತಾಡುವಾಗ ಇದೂ ಮಾತಿಗೆ ಬರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆ ವರ್ಷ ಮಾಡಿದ್ದು

ಬಾಡಿದ ಗಿಡ ಬದುಕುವುದಿಲ್ಲ ಎಂದು ಅಣ್ಣನಿಗೆ ನೇರವಾಗಿ ಹೇಳಿದೆ. ಉಳಿದದ್ದನ್ನು ಕಾಯುವುದಷ್ಟೇ ಕೆಲಸ.

ಮೊದಲು ನೀರು ಬದಲಾಯಿಸಿದೆವು. ಮೇಲಿನ ಪಟ್ಟಿಯಿಂದ ಕೆಳಗೆ ಹರಿಯುವ ದಾರಿಗೆ ಮಣ್ಣು ಕಟ್ಟಿ, ಪಂಪಿನಿಂದ ಪೈಪು ಎಳೆದು ತೋಡಿನ ಪಕ್ಕದ ಗದ್ದೆಗೆ ನೇರ ನೀರು ಕೊಟ್ಟೆವು. ನಡುವಿನ ಗದ್ದೆಗೆ ಪೈಪು ಹಿಡಿದು ಒಂದೊಂದೇ ಬುಡಕ್ಕೆ. ಕೆಲಸ ಜಾಸ್ತಿಯಾಯಿತು, ಆದರೆ ಎಲ್ಲದರಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ. ಬಾಡಿದ ಗಿಡವನ್ನು ಸುತ್ತಲಿನ ಮಣ್ಣು ಸಮೇತ ಎಬ್ಬಿಸಿ, ಗೊಬ್ಬರದ ಚೀಲದಲ್ಲಿ ಹಾಕಿ, ಗದ್ದೆಯ ಹೊರಗೆ ಒಣಗಿಸಿ ಸುಟ್ಟರು. ತೋಡಿಗೆ ಒಂದು ಎಲೆಯನ್ನೂ ಎಸೆಯಬಾರದು ಎಂದು ಹೇಳಿದ್ದೆ, ಯಾಕೆಂದರೆ ತೋಡಿನ ಕೆಳಗೆ ಬೇರೆಯವರ ಗುಳ್ಳ ಇದೆ. ಕಿತ್ತ ಗುಂಡಿಗೆ ಬ್ಲೀಚಿಂಗ್ ಪೌಡರ್ ಹಾಕಿದರು. ಅದು ಆ ಜಾಗದ ಬ್ಯಾಕ್ಟೀರಿಯಾವನ್ನು ಸ್ವಲ್ಪ ಇಳಿಸುತ್ತದೆ, ಗದ್ದೆಯನ್ನೇ ಶುದ್ಧ ಮಾಡುತ್ತದೆ ಎಂದು ತಿಳಿಯಬಾರದು.

ಹಾರೆಯಲ್ಲಿ ಕಳೆ ಕೆರೆಯುವುದನ್ನು ನಿಲ್ಲಿಸಿ ಕೈಯಲ್ಲಿ ಕಿತ್ತರು, ಬುಡಕ್ಕೆ ಬೈಹುಲ್ಲು ಹಾಸಿದರು. ಬೇರಿಗೆ ಹೊಸ ಗಾಯ ಆಗಬಾರದು ಎಂದು. ಕೆಲಸ ಶುರುವಾಗುವುದು ಕೆಳಗದ್ದೆಯಿಂದ, ರೋಗದ ಪಟ್ಟಿಗೆ ಕೊನೆಗೆ. ಹಾರೆ, ಕತ್ತಿ, ಕಾಲು ಎಲ್ಲ ತೊಳೆದೇ ಹಿಂದಕ್ಕೆ. ಈ ನಿಯಮವನ್ನು ಅತ್ತಿಗೆ ಯಾರಿಗೂ ಸಡಿಲ ಬಿಡಲಿಲ್ಲ.

ಮೇಲಿನ ಪಟ್ಟಿ ಪೂರ್ತಿ ಹೋಯಿತು ಎಂದೇ ಹೇಳಬೇಕು. ನಡುವಿನ ಗದ್ದೆಯಲ್ಲಿ ಮೇಲ್ಬದಿಯ ಗಿಡಗಳು ಹೋದವು, ಆಮೇಲೆ ನಿಧಾನವಾಯಿತು. ತೋಡಿನ ಪಕ್ಕದ ಗದ್ದೆ ಉಳಿಯಿತು. ಪರ್ಯಾಯದ ಹೊತ್ತಿಗೆ ಅಲ್ಲಿಂದ ಗುಳ್ಳ ಕೊಯ್ದರು, ಏಪ್ರಿಲ್ ತನಕ ಕೊಯ್ಲು ನಡೆಯಿತು. ನಷ್ಟ ದೊಡ್ಡದೇ. ಆದರೆ ಮೂರೂ ಗದ್ದೆ ಹೋಗಲಿಲ್ಲ.

ಮರು ವರ್ಷ

ಮುಂದಿನ ಮಳೆಗಾಲಕ್ಕೆ ಅಣ್ಣ ಸಾಲ ಮಾಡಿಯಾದರೂ ಮೇಲಿನ ಪಟ್ಟಿಗೆ ಭತ್ತ ಹಾಕುತ್ತೇನೆ ಎಂದರು. ಹಾಕಿದರು. ಹುಣಿ ಕಟ್ಟಿ ನೀರು ನಿಲ್ಲಿಸಿದರು. ಟೊಮೆಟೊ, ಮೆಣಸು ಆ ಗದ್ದೆಯಿಂದ ಪೂರ್ತಿ ಹೊರಗೆ. ಕಟ್ಟಪುಣಿಯ ಮೇಲಿನ ಬದನೆ ಜಾತಿಯ ಕಳೆಗಳನ್ನೂ ಕಿತ್ತರು. ಸಸಿಮಡಿಯನ್ನು ಮನೆಯ ಇನ್ನೊಂದು ಬದಿಗೆ ಒಯ್ದು ಸುಡುಮಣ್ಣಿನಲ್ಲಿ ಮಾಡಿದರು. ಸೊಪ್ಪು ಕಸ ಒಟ್ಟಿ ಮಣ್ಣು ಸುಡುವುದು ನಮ್ಮ ಕಡೆ ಹಳೆಯ ಕ್ರಮ. ಗೊಬ್ಬರಕ್ಕೆಂದು ಮಾಡುತ್ತಿದ್ದದ್ದು, ಚೆನ್ನಾಗಿ ಕಾದ ಮಣ್ಣಿನಲ್ಲಿ ರೋಗಾಣು ಮತ್ತು ಜಂತುಹುಳು ಎರಡೂ ಬಹುಪಾಲು ಸಾಯುತ್ತವೆ. ಸುಡಲು ಆಗದವರು ಏಪ್ರಿಲ್, ಮೇ ಬಿಸಿಲಿನಲ್ಲಿ ಒದ್ದೆ ಮಣ್ಣಿಗೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನಾಲ್ಕೈದು ವಾರ ಬಿಡಬಹುದು.

ತಳಿ ಬದಲಾಯಿಸಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಈ ರೋಗ ತಡೆಯುವ ಬದನೆ ತಳಿಗಳು ಇವೆ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ್ ಅಂಥವು. ಒಳ್ಳೆಯ ತಳಿಗಳೇ. ಆದರೆ ಅವು ಗುಳ್ಳ ಅಲ್ಲ. ಮಟ್ಟುವಿನವರಿಗೆ ಬೇಕಾದದ್ದು ಗುಳ್ಳವೇ, ಹುಳಿಗೆ ಹಾಕುವವರಿಗೂ ಅದೇ.

ಹಾಗಾಗಿ ಕಸಿಗೆ ಕೈ ಹಾಕಿದೆವು. ಬೇಲಿಯಲ್ಲಿ ತಾನಾಗಿ ಬೆಳೆಯುವ ಸುಂಡೆ ಗಿಡದ ಬೇರು ಈ ಸೊರಗು ರೋಗವನ್ನು ಚೆನ್ನಾಗಿ ತಡೆಯುತ್ತದೆ, ಬೇರುಗಂಟು ಜಂತುಹುಳುವನ್ನೂ ತಡೆದುಕೊಳ್ಳುತ್ತದೆ. ಸುಂಡೆಯ ಸಸಿಯನ್ನು ಮೇಲೆ ಕತ್ತರಿಸಿ, ನಡುವೆ ಸೀಳಿ, ಗುಳ್ಳದ ಕುಡಿಯನ್ನು ಬೆಣೆಯ ಹಾಗೆ ಕೆತ್ತಿ ಕೂರಿಸಿ ಕ್ಲಿಪ್ ಹಾಕುವುದು. ಕೆಲವು ದಿನ ನೆರಳು ಮತ್ತು ತೇವದಲ್ಲಿ ಇಟ್ಟರೆ ಹೊಂದುತ್ತದೆ. ಇದರಲ್ಲಿ ಕಷ್ಟ ಎರಡು. ಸುಂಡೆ ಬೀಜ ಮೊಳೆಯುವುದು ನಿಧಾನ, ಒಟ್ಟಿಗೆ ಮೊಳೆಯುವುದೂ ಇಲ್ಲ, ಹಾಗಾಗಿ ಗುಳ್ಳಕ್ಕಿಂತ ಹಲವು ವಾರ ಮೊದಲೇ ಬಿತ್ತಬೇಕು. ಇನ್ನೊಂದು, ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕು. ಗಂಟು ಮಣ್ಣಿನೊಳಗೆ ಹೋದರೆ ಗುಳ್ಳದ ಕಾಂಡವೇ ಬೇರು ಬಿಡುತ್ತದೆ, ರೋಗಕ್ಕೆ ಹಳೆಯ ಬಾಗಿಲು ಮತ್ತೆ ತೆರೆಯುತ್ತದೆ. ರೋಗ ತಡೆಯುವ ಬೇರಿನಲ್ಲೂ ಬ್ಯಾಕ್ಟೀರಿಯಾ ಸ್ವಲ್ಪ ಇರಬಹುದು, ಅದು ನಾಳದಲ್ಲಿ ಮೇಲೇರಿ ತುಂಬುವುದನ್ನಷ್ಟೇ ಬೇರು ತಡೆಯುತ್ತದೆ. ಹಾಗಾಗಿ ಕಸಿ ಗಿಡ ನೆಟ್ಟರೂ ಹಾರೆ ತೊಳೆಯುವುದನ್ನು, ನೀರು ಬೇರೆ ಮಾಡುವುದನ್ನು ಬಿಡುವ ಹಾಗಿಲ್ಲ.

ಮೇಲಿನ ಪಟ್ಟಿಯಲ್ಲಿ ಕಸಿ ಗಿಡದ ಸಾಲುಗಳ ನಡುವೆ ಸ್ವಂತ ಬೇರಿನ ಗುಳ್ಳವನ್ನೂ ಒಂದು ಸಾಲು ನೆಟ್ಟೆವು, ಹೋಲಿಸಿ ನೋಡಲು. ಜನವರಿಯ ಹೊತ್ತಿಗೆ ಸ್ವಂತ ಬೇರಿನ ಸಾಲಿನಲ್ಲಿ ಕೆಲವು ಗಿಡ ಬಾಡಿದವು. ಲೋಟದಲ್ಲಿ ಮತ್ತೆ ಬಿಳಿ ಎಳೆ. ಒಂದು ಮಳೆಗಾಲದ ಭತ್ತದಿಂದ ರೋಗ ಹೋಗಿಲ್ಲ, ಆದರೆ ಹಿಂದಿನ ವರ್ಷದ ಹಾಗೆ ಓಡಲಿಲ್ಲ. ಕಸಿ ಸಾಲುಗಳು ನಿಂತವು. ಕೆಳಗಿನ ಎರಡು ಗದ್ದೆಯಲ್ಲಿ ಹೊಸ ಸಾವು ಬೆರಳೆಣಿಕೆಯಷ್ಟು.

ಬೀಜಕ್ಕೆ ಕಾಯಿ ಬಿಡುವ ಸಮಯದಲ್ಲಿ ಅತ್ತಿಗೆಗೆ ಒಂದು ಸಂಶಯ ಬಂತು. "ಬೇರು ಸುಂಡೆಯದ್ದು ಅಲ್ವಾ, ಅದರ ಬೀಜ ಹಾಕಿದರೆ ಗುಳ್ಳ ಕೆಡುವುದಿಲ್ವಾ?" ಬಹಳ ಸರಿಯಾದ ಪ್ರಶ್ನೆ. ಹೂವು, ಪರಾಗ, ಅಂಡ ಎಲ್ಲ ಮೇಲಿನ ಗುಳ್ಳದ್ದೇ. ಬೀಜದಲ್ಲಿ ಇರುವುದು ಗುಳ್ಳದ ಗುಣ, ಬೇರಿನ ಗುಣ ಬೀಜಕ್ಕೆ ಇಳಿಯುವುದಿಲ್ಲ. ಆ ಬೀಜದ ಸಸಿಗೆ ಮತ್ತೆ ಸ್ವಂತ ಬೇರೇ ಬರುತ್ತದೆ, ರೋಗ ತಡೆಯುವ ಶಕ್ತಿಯೂ ಅದಕ್ಕೆ ಇರುವುದಿಲ್ಲ. ಪ್ರತಿ ವರ್ಷ ಹೊಸದಾಗಿ ಕಸಿ ಮಾಡಲೇಬೇಕು. ಇದನ್ನು ಕೇಳಿದ ಮೇಲೂ ಅತ್ತಿಗೆ ಬೀಜದ ಕಾಯಿಗಳನ್ನು ತೋಡಿನ ಪಕ್ಕದ ಗದ್ದೆಯ ಸ್ವಂತ ಬೇರಿನ ಗಿಡಗಳಲ್ಲೇ ಬಿಟ್ಟರು. ಗಿಡ ಆರೋಗ್ಯವಾಗಿತ್ತು, ಕಾಯಿ ಗುಂಡಗಿತ್ತು, ಗೆರೆ ಸ್ಪಷ್ಟವಾಗಿತ್ತು ಎಂದು ನೋಡಿ ನೋಡಿ ಆರಿಸಿದರು. ಸುಂಡೆಯ ಹಣ್ಣುಗಳನ್ನು ಬೇರೆ ಒಣಗಿಸಿ ಇಟ್ಟಿದ್ದಾರೆ, ಈ ಸಲ ಇನ್ನೂ ಬೇಗ ಬಿತ್ತಲು.